ಮೂರನೆಯ ಸಲ ಕೇಳಿದಾಗ

ಲೆಟ್ಟಿಯ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತೇ, ಅಥವಾ ಎಲ್ಲ ಗೊತ್ತಾದ ಮೇಲೆ ವಿಲ್ಫ್ರೆಡ್ ತಾನೇ ಅದನ್ನು ನೆನಪಿನಲ್ಲಿ ಅಲ್ಲಿ ತಂದಿಟ್ಟನೇ? ಒಂದು ಕೈ ಬಾಗಿಲ ಹಿಡಿಯ ಮೇಲಿದ್ದದ್ದು ಖಂಡಿತ. ಇನ್ನೊಂದರ ವಿಷಯದಲ್ಲಿ ನೆನಪು ದಿನಕ್ಕೊಂದು ಮಾತಾಡುತ್ತಿತ್ತು. ಏಳು ವರ್ಷದ ಮಕ್ಕಳು ಸುಮ್ಮನೆ ಲಂಗದ ಅಂಚು ಹಿಡಿದುಕೊಂಡೂ ನಿಲ್ಲುತ್ತಾರೆ. ಹಾಗೆ ನಿಂತಿದ್ದರೆ ಅವನಿಗೆ ಅವಳ ನೋವು ತಿಳಿಯುವ ದಾರಿಯೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡಿದ್ದರೆ ಇತ್ತು.

ಶಾಲೆಯ ಮೇಷ್ಟ್ರು ವಿಲ್ಫ್ರೆಡ್ ಲಾಯದ ಬಾಗಿಲಲ್ಲಿ ಬೂಟಿನ ಕೆಸರು ಕೆರೆಯುತ್ತ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಒಳಗೆ ಮಕ್ಕಳು ಬೆಂಚುಗಳನ್ನು ಎಳೆಯುವ ಸದ್ದು. ಹಿಂದೆ ಜೌಗುನೆಲದ ಮೇಲೆ ಫೆಬ್ರವರಿಯ ಗಾಳಿ ಸಮುದ್ರದಿಂದ ನೇರವಾಗಿ ಬರುತ್ತಿತ್ತು. ಲೆಟ್ಟಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು.

ಕುದುರೆಗಳು ಹೋದ ಮೇಲೆ ಆ ಲಾಯ ಸಭೆಯ ಮನೆಯಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆಯ ಮೂವತ್ತೊಂದು ಮಕ್ಕಳೂ ನಾಲ್ವರು ದೊಡ್ಡವರೂ ಅಲ್ಲಿ ಸೇರುತ್ತಿದ್ದರು. ಆರು ವರ್ಷದ ಟಿಬ್‌ಗೂ ಒಂದು ಮತ, ಶಾಲೆ ಕಟ್ಟಿದ ಹಾರಿಯೆಟ್‌ಗೂ ಒಂದೇ ಮತ. ಮಲಗುವ ಹೊತ್ತಿನಿಂದ ಹಿಡಿದು ಶಿಕ್ಷೆಯವರೆಗೆ ಕಾನೂನು ಮಾಡುವವರು ಮಕ್ಕಳು. ದೊಡ್ಡವರು ಆಜ್ಞೆ ಮಾಡುವ ಹಾಗಿಲ್ಲ. ಸಭೆ ಮಾಡಿದ ಕಾನೂನಿಗೆ ಅವರೂ ಬಾಗಬೇಕು. ವಿಲ್ಫ್ರೆಡ್ ಒಮ್ಮೆ ಊಟಕ್ಕೆ ತಡವಾಗಿ ಬಂದು ಒಂದು ವಾರದ ಸಿಹಿಯನ್ನು ಕಳೆದುಕೊಂಡಿದ್ದ. ಅದನ್ನು ಅವನು ಪದಕದಂತೆ ಇಟ್ಟುಕೊಂಡಿದ್ದ.

ಹಲಗೆಯ ಮೇಲೆ ಆಲ್ಬನ್‌ನ ದುಂಡನೆಯ ಅಕ್ಷರದಲ್ಲಿ ನೋಟಿಸು ಇತ್ತು.

'ದೂರು: ಲೆಟ್ಟಿ ಸತ್ತಿದ್ದು ಆಲ್ಬನ್‌ನಿಂದ. ದೂರು ಕೊಟ್ಟವನು: ಆಲ್ಬನ್.'

ಆಲ್ಬನ್‌ಗೆ ಹನ್ನೆರಡು ವರ್ಷ. ಎರಡು ಅವಧಿಯಿಂದ ಸಭೆಯ ಅಧ್ಯಕ್ಷ.

ಹಾರಿಯೆಟ್ ಪಕ್ಕಕ್ಕೆ ಬಂದು ನಿಂತಳು. ಅರವತ್ತರ ಹತ್ತಿರದ ದೊಡ್ಡ ಹೆಂಗಸು. ಈ ಹತ್ತು ದಿನಗಳಲ್ಲಿ ಅವಳ ಕೋಟು ಅವಳಿಗೆ ದೊಡ್ಡದಾಗಿತ್ತು.

"ಇದನ್ನ ನಿಲ್ಲಿಸೋಕಾಗಲ್ವಾ?" ವಿಲ್ಫ್ರೆಡ್ ಕೇಳಿದ.

"ನಿಲ್ಲಿಸಬಹುದು. ಆಮೇಲೆ ಇದು ಬೇರೆ ಶಾಲೆಗಳ ಹಾಗೆ ಇನ್ನೊಂದು ಶಾಲೆ, ಅಷ್ಟೇ."

"ಹನ್ನೆರಡು ವರ್ಷದ ಹುಡುಗ, ಹಾರಿಯೆಟ್."

"ಗೊತ್ತಪ್ಪ. ಅವನನ್ನ ತಬ್ಕೊಂಡು, ನಿಂದೇನೂ ತಪ್ಪಿಲ್ಲ ಕಣೋ ಅಂದೆ ನಾನು. 'ಅದನ್ನ ಸಭೆ ಹೇಳಬೇಕು' ಅಂದ." ಅವಳು ಕೈಗವಸನ್ನು ಎಳೆದು ಸರಿಮಾಡಿಕೊಂಡಳು. "ಹೇಳೋದೇನಾದರೂ ಇದ್ದರೆ ಒಳಗೆ ಹೇಳು. ನಿಂಗೂ ಬಾಯಿದೆ, ಮತ ಇದೆ."

ಅವಳು ಒಳಗೆ ಹೋದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಅಡುಗೆಮನೆಯಲ್ಲಿ ಎಲ್ಲರಿಗೂ ಎಂದು ಇಟ್ಟಿದ್ದ ಸಕ್ಕರೆ ಪಾಕದ ಡಬ್ಬಿಯನ್ನು ಲೆಟ್ಟಿ ಬೆರಳಲ್ಲೇ ಖಾಲಿ ಮಾಡಿದ್ದಳು. ಅಷ್ಟೇ ಆಗಿದ್ದರೆ ನಾಲ್ಕು ದಿನದ ಸಿಹಿ ಕಡಿತಕ್ಕೆ ಮುಗಿಯುತ್ತಿತ್ತು. ಆದರೆ ಡಬ್ಬಿಯನ್ನು ಅಡುಗೆ ಮಾಡುವ ಮಿಸೆಸ್ ಗಾಟ್ಸ್ ತನ್ನ ಮನೆಗೆ ಒಯ್ದಳು ಎಂದು ಅವಳು ಹೇಳಿದಳು. ಊರಿನ ಬಡ ಹೆಂಗಸಿನ ಮೇಲೆ ಕಳ್ಳತನ ಹೊರಿಸಿದ್ದು ಮಕ್ಕಳಿಗೆ ಸಹಿಸಲಾಗಲಿಲ್ಲ. ಆಲ್ಬನ್ ಐದು ದಿನದ ಮೌನ ಸೂಚಿಸಿದ. ಭಾನುವಾರದಿಂದ ಗುರುವಾರದವರೆಗೆ ಲೆಟ್ಟಿಯೊಡನೆ ಯಾರೂ ಮಾತಾಡಬಾರದು, ಲೆಟ್ಟಿ ಯಾರೊಡನೆಯೂ ಮಾತಾಡಬಾರದು. ಈ ಶಿಕ್ಷೆಯನ್ನು ಈ ದೇಶದ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಎಲ್ಲ ಶಾಲೆಗಳಲ್ಲೂ ಅದು ಕದ್ದುಮುಚ್ಚಿ ನಡೆಯುತ್ತದೆ. ಇಲ್ಲಿ ಅದನ್ನು ಬರೆದಿಟ್ಟಿದ್ದರು. ಮೌನ ಮುರಿಯಬಹುದಾದ ಮೂರು ಸಂದರ್ಭಗಳನ್ನೂ ಬರೆದಿದ್ದರು: ಮನೆಗೆ ಬೆಂಕಿ ಬಿದ್ದರೆ, ರಕ್ತ ಬಂದರೆ, ಯಾರಾದರೂ ಕಾಲುವೆಗೆ ಬಿದ್ದರೆ. ಬಹಳ ಯೋಚಿಸಿ ಮಾಡಿದ ಪಟ್ಟಿ ಅದು. ವಿಲ್ಫ್ರೆಡ್ ಆಗ ಮೆಚ್ಚಿಕೊಂಡಿದ್ದ.

ಐದು ದಿನ ಹೆಚ್ಚಾಯಿತು, ಎರಡು ಸಾಕು ಎಂದು ಅವನಿಗೆ ಅನಿಸಿತ್ತು. ಹೇಳಲಿಲ್ಲ. ಕೈ ಎತ್ತುವಾಗ ಎಲ್ಲರ ಜೊತೆ ಎತ್ತಿದ.

ಬುಧವಾರ ನಾಲ್ಕು ಗಂಟೆಗೆ ಅವನು ತನ್ನ ಕೋಣೆಯಲ್ಲಿ ಒಂದು ಪುಸ್ತಕ ಹಿಡಿದು ಕೂತಿದ್ದ. ಬಾಗಿಲು ತೆರೆಯಿತು. ಲೆಟ್ಟಿ ಹೊಸ್ತಿಲಲ್ಲಿ ನಿಂತಿದ್ದಳು. ಮುಖ ಬೆಳ್ಳಗಿತ್ತು, ಕಿಟಕಿಯ ಬೆಳಕಿಗೆ ಹಾಗೆ ಕಾಣುತ್ತಿದೆ ಅಂದುಕೊಂಡ. ಅವಳು ಬಾಯಿ ತೆರೆದಳು. ಅವನು ತುಟಿಯ ಮೇಲೆ ಬೆರಳಿಟ್ಟು ನಕ್ಕ. ಗದರಿಸುವ ನಗೆಯಲ್ಲ, ಪ್ರೀತಿಯದೇ. ನಾನೂ ನಿನ್ನ ಹಾಗೇ ಕಾನೂನಿಗೆ ಕಟ್ಟುಬಿದ್ದವನು, ಇನ್ನೊಂದೇ ದಿನ, ಎಂಬಂಥದ್ದು. ಲೆಟ್ಟಿ ಬಾಯಿ ಮುಚ್ಚಿದಳು. ತಲೆಯಾಡಿಸಿದಳು. ಹೋಗುವಾಗ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡಳು.

ಅವನು ಮತ್ತೆ ಪುಸ್ತಕಕ್ಕೆ ಬಂದ. ಆ ಸಂಜೆ ಅವನಿಗೆ ಸಂತೋಷವಾಗಿತ್ತು. ಇಲ್ಲಿಗೆ ಬರುವ ಮೊದಲು ಅವನಿದ್ದ ಶಾಲೆಯಲ್ಲಿ ಹುಡುಗರನ್ನು ಬೆತ್ತದಿಂದ ಹೊಡೆಯುತ್ತಿದ್ದರು, ಅವನೂ ಹೊಡೆದಿದ್ದ. ಇಲ್ಲಿ ಏಳು ವರ್ಷದ ಮಗುವಿನ ಎದುರು ತಾನು ನಿಯಮಕ್ಕೆ ತಲೆಬಾಗಿದೆ ಎಂದು ಹೆಮ್ಮೆಪಟ್ಟ.

ಗುರುವಾರ ಬೆಳಗ್ಗೆ ಅವಳ ಮೈ ಕೆಂಡವಾಗಿತ್ತು. ಶುಕ್ರವಾರ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿತ್ತು. ಬುಧವಾರ ಸಂಜೆ ತಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಸಾವಿನ ವಿಚಾರಣೆಯಲ್ಲಿ ಹೇಳಿದರು. ವಿಚಾರಣೆಯ ಅಧಿಕಾರಿ ವಿಲ್ಫ್ರೆಡ್‌ನ ಕಡೆಗೆ ತಿರುಗಿ, ಹುಡುಗಿ ನೋವು ಅಂತ ನಿಮ್ಮ ಬಳಿ ಏನಾದರೂ ಹೇಳಿದಳೇ ಎಂದು ಕೇಳಿದ.

"ಇಲ್ಲ. ಅವಳು ನನಗೆ ಏನೂ ಹೇಳಲಿಲ್ಲ."

ಆ ವಾಕ್ಯದಲ್ಲಿ ಸುಳ್ಳು ಇರಲಿಲ್ಲ. ಆಲ್ಬನ್ ಹಿಂದಿನ ಸಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತು ಕೇಳಿಸಿಕೊಂಡಿದ್ದ.

ಸಭೆ ಶುರುವಾಯಿತು. ಆಲ್ಬನ್ ಮರದ ಕೊಡತಿಯನ್ನು ಮೇಜಿನ ಮೇಲೆ ಒಮ್ಮೆ ಬಡಿದು ರೋವೆನಾಳ ಕಡೆ ಚಾಚಿದ.

"ನನ್ನ ಮೇಲೇ ದೂರಿದೆ. ನಾನು ಇಲ್ಲಿ ಕೂರೋ ಹಾಗಿಲ್ಲ. ನೀನು ನಡೆಸು."

ರೋವೆನಾಗೆ ಹತ್ತು ವರ್ಷ, ಮಾತು ಚುರುಕು. "ನಂಗೆ ಬೇಡಪ್ಪ. ನೀನೇ ದೂರು ಕೊಡ್ತೀಯ, ನೀನೇ ಕಟಕಟೆ ಹತ್ತುತೀಯ, ಇನ್ನು ನೇಣೂ ನೀನೇ ಹಾಕ್ಕೋ."

ಯಾರೋ ನಕ್ಕರು. ನಕ್ಕದ್ದಕ್ಕೆ ತಾವೇ ಹೆದರಿದರು. ರೋವೆನಾಳ ಮುಖ ಕೆಂಪಾಯಿತು. ಕೊಡತಿಯನ್ನು ತೆಗೆದುಕೊಂಡು ಕುರ್ಚಿಗೆ ಹೋದಳು.

"ದೂರು ಹೇಳು."

ಆಲ್ಬನ್ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತ. "ಐದು ದಿನ ಅಂತ ಹೇಳಿದ್ದು ನಾನು. ಲೆಟ್ಟಿಗೆ ಹೊಟ್ಟೆನೋವು ಬಂತು. ಕಾನೂನಲ್ಲಿ ಹೊಟ್ಟೆನೋವು ಇರಲಿಲ್ಲ. ಅದಕ್ಕೆ ಅವಳು ಯಾರಿಗೂ ಹೇಳಲಿಲ್ಲ. ಒಬ್ಬರಿಗೂ. ವಿಚಾರಣೇಲಿ ಎಲ್ಲ ದೊಡ್ಡೋರೂ ಅದನ್ನೇ ಅಂದ್ರು. ಅವಳು ಯಾರ ಹತ್ರಾನಾದ್ರೂ ಹೋಗಿದ್ದಿದ್ರೆ ಬೇರೆ ಮಾತು. ಹೋಗಲಿಲ್ಲ, ಯಾಕಂದ್ರೆ ಹೋಗಬಾರದು ಅಂತ ನಾನು ಹೇಳಿದ್ದೆ."

"ನೀನೊಬ್ಬನೇ ಅಲ್ಲ ಕಣೋ. ನಾವೆಲ್ಲ ಕೈ ಎತ್ತಿದ್ವಿ," ಹಿಂದಿನಿಂದ ಒಬ್ಬ ಹುಡುಗ ಅಂದ.

"ನಾನು ಹೇಳದೇ ಇದ್ರೆ ನೀವು ಎತ್ತುತಾನೇ ಇರಲಿಲ್ಲ."

"ಓಹೋ, ನಾವೇನು ಕುರಿಗಳಾ?"

"ಹೌದು," ಅಂದ ಆಲ್ಬನ್. ಅದರಲ್ಲಿ ತಿರಸ್ಕಾರವಿರಲಿಲ್ಲ. "ಅವತ್ತು ಆಗಿದ್ರಿ."

ಅವನು ತನಗೆ ತಾನೇ ಶಿಕ್ಷೆಯನ್ನೂ ಸೂಚಿಸಿದ: ಶಾಲೆಯ ಈ ಅವಧಿ ಮುಗಿಯುವವರೆಗೆ ಮೌನ. ಐದು ವಾರ.

ಹಾರಿಯೆಟ್ ಎದ್ದು, ಕಾನೂನಿನಲ್ಲಿ ಒಂದು ಕೊರತೆ ಇತ್ತು, ಅದನ್ನು ತಿದ್ದೋಣ, ಆದರೆ ಕೊರತೆಗೆ ಒಬ್ಬ ಮನುಷ್ಯನನ್ನು ಶಿಕ್ಷಿಸುವುದು ನ್ಯಾಯವಲ್ಲ ಎಂದಳು. ಮಕ್ಕಳು ಗೌರವದಿಂದ ಕೇಳಿದರು. ಯಾರ ಮುಖವೂ ಬದಲಾಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕೊರತೆಯಲ್ಲ. ಲೆಟ್ಟಿಯ ಮಂಚ ಖಾಲಿಯಾಗಿತ್ತು. ಅದಕ್ಕೆ ಒಂದು ಹೆಸರು ಬೇಕಾಗಿತ್ತು.

ಮತಕ್ಕೆ ಮೊದಲು ಮೂರು ಸಲ ಕೇಳುವುದು ಸಭೆಯ ಪದ್ಧತಿ. ಪ್ರತಿ ಸಲ ಕೇಳಿದ ಮೇಲೂ ಅಧ್ಯಕ್ಷರು ಹತ್ತು ಉಸಿರಿನಷ್ಟು ಕಾಯಬೇಕು. ದೊಡ್ಡವರು, ಚಿಕ್ಕವರು, ಗೊತ್ತಿದ್ದವರು ಯಾರಾದರೂ ಆಗ ಹೇಳಬೇಕು. ಆಮೇಲೆ ಹೇಳಿದ್ದನ್ನು ಸಭೆ ತೆಗೆದುಕೊಳ್ಳುವುದಿಲ್ಲ. ಈ ಶಾಲೆಯಲ್ಲಿ ವಿಲ್ಫ್ರೆಡ್‌ಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಆ ಮೂರು ಮೌನಗಳು. ಇಗರ್ಜಿಯಲ್ಲಿ ಸಿಗದದ್ದು ಅವನಿಗೆ ಅಲ್ಲಿ ಸಿಗುತ್ತಿತ್ತು.

ರೋವೆನಾ ಕೊಡತಿ ಬಡಿದಳು. "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?"

ಒಂದು ಉಸಿರು. ಎರಡು. ಒಲೆಯೊಳಗೆ ಕಲ್ಲಿದ್ದಲು ಕುಸಿಯಿತು. ಮುಂದಿನ ಬೆಂಚಿನಲ್ಲಿ ಟಿಬ್ ಎದ್ದು ನಿಂತ. ಕಾಲು ನೆಲಕ್ಕೆ ಬಂದಾಗ ಕೂತಿದ್ದಾಗಿನದಕ್ಕಿಂತ ಗಿಡ್ಡನಾಗಿ ಕಂಡ.

"ನಾನು ಅವಳ ಗಂಜಿ ತಿಂದೆ."

"ಯಾವ ಗಂಜಿ?"

"ಬೆಳಗಿಂದು. ಮಂಗಳವಾರ ತಳ್ಳಿದ್ಲು ನನ್ನ ಕಡೆ. ಬುಧವಾರಾನೂ ತಳ್ಳಿದ್ಲು. ಅವಳು ಮಾತಾಡಲಿಲ್ಲ, ಬರೀ ತಳ್ಳಿದ್ಲು. ನಾನೂ ಮಾತಾಡಲಿಲ್ಲ." ಅವನು ಮೂಗನ್ನು ತೋಳಿಗೆ ಒರೆಸಿಕೊಂಡ. "ತಿನ್ನಲ್ಲ ಅಂತ ಯಾರಿಗಾದ್ರೂ ಹೇಳಿದ್ರೆ ನಂಗೆ ಸಿಗಲ್ವಲ್ಲ, ಅದಕ್ಕೆ ಹೇಳಲಿಲ್ಲ. ನನ್ನನ್ನೂ ಬರ್ಕೊಳ್ಳಿ."

"ನಿನ್ನನ್ನ ಬರ್ಕೊಳ್ಳಲ್ಲ ಕಣೋ ಪುಟ್ಟ," ಅಂದಳು ರೋವೆನಾ.

"ಯಾಕೆ? ನಂಗೂ ಮತ ಇದೆ!"

ಅವನು ಅತ್ತ. ಪಕ್ಕದವರು ಎಳೆದು ಕೂರಿಸಿದರು. ಟಿಬ್ ಹೇಳಿದ್ದನ್ನು ರೋವೆನಾ ಬರೆದುಕೊಂಡಳು, ಏಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು.

ವಿಲ್ಫ್ರೆಡ್ ತನ್ನ ಮೊಣಕಾಲುಗಳನ್ನು ನೋಡುತ್ತಿದ್ದ. ಆರು ವರ್ಷದವನು ಹೇಳಿಬಿಟ್ಟ. ಎಷ್ಟು ಸುಲಭವಾಗಿ ಹೇಳಿಬಿಟ್ಟ. ನಿಲ್ಲುವುದು, ಹೇಳುವುದು, ಅಳುವುದು.

ಕೊಡತಿ ಎರಡನೆಯ ಸಲ ಬಿತ್ತು. "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?"

ಈ ಸಲ ಬಾಗಿಲ ಬಳಿಯಿಂದ ಧ್ವನಿ ಬಂತು. ಮಿಸೆಸ್ ಗಾಟ್ಸ್ ಏಪ್ರನ್ನಿನಲ್ಲೇ ನಿಂತಿದ್ದಳು. ಅವಳು ಸಭೆಗೆ ಎಂದೂ ಬಂದವಳಲ್ಲ.

"ನಂಗಿಲ್ಲಿ ಓಟಿಲ್ಲ, ಬೇಕಾಗೂ ಇಲ್ಲ. ನಾನು ಹನ್ನೊಂದು ಹೆತ್ತೋಳು. ಒಂದಕ್ಕೂ ಓಟ್ ಕೊಟ್ಟಿಲ್ಲ. ಆ ಕೂಸು ನನ್ನ ಕಳ್ಳಿ ಅಂದಿದ್ದಕ್ಕೆ ನಂಗೇನೂ ಬೇಜಾರಿರಲಿಲ್ಲ. ಮಕ್ಕಳು ಹೇಳ್ತವೆ. ನಾನು ಅವಳ ಹತ್ರ ಮಾತಾಡಿದೆ, ನಿಮ್ಮ ಕಾನೂನು ನಂಗೇನು? ಏನಮ್ಮಾ ಆಯ್ತು ಅಂತ ಕೇಳ್ದೆ. ತಲೆ ಅಲ್ಲಾಡಿಸಿಬಿಟ್ಲು, ಬಾಯಿ ಬಿಡಲಿಲ್ಲ. ನಂಗೆ ಮಾಡಿದ ತಪ್ಪಿಗೇ ಶಿಕ್ಷೆ ಅಲ್ವಾ, ನನ್ನ ಮುಂದೆ ಮುರಿಯೋಕೆ ನಾಚಿಕೆ ಪಟ್ಟಿರಬೇಕು." ಅವಳು ಕಣ್ಣನ್ನು ಹಿಂದಿನ ಬೆಂಚಿಗೆ ತಿರುಗಿಸಿದಳು. "ಮಂಗಳವಾರಾನೇ ಮೇಷ್ಟ್ರಿಗೆ ಹೇಳ್ದೆ, ಕೂಸು ತಿಂತಿಲ್ಲ ಅಂತ. ಹೇಳಿದ್ನೋ ಇಲ್ವೋ, ಮೇಷ್ಟ್ರೇ?"

ಎಲ್ಲ ತಲೆಗಳೂ ತಿರುಗಿದವು. ವಿಲ್ಫ್ರೆಡ್ ಎದ್ದ.

"ಹೇಳಿದಿರಿ. ಮುನಿಸಿಕೊಂಡಿದ್ದಾಳೆ ಅಂದ್ಕೊಂಡೆ. ನಾನು ಹೋಗಿ ನೋಡಬೇಕಿತ್ತು." ಮುಂದಿನ ವಾಕ್ಯ ನಾಲಗೆಯ ಮೇಲೆಯೇ ಇತ್ತು. ಅದರ ಭಾರ ಅವನಿಗೆ ತಿಳಿಯುತ್ತಿತ್ತು. "ಅದು ನನ್ನ ತಪ್ಪು," ಎಂದು ಕೂತ.

"ಮುನಿಸು ಅಂದ್ಕೊಂಡಿದ್ದು ತಪ್ಪಲ್ಲ, ವಿಲ್ಫ್," ಅಂದ ಆಲ್ಬನ್. ಸಮಾಧಾನ ಹೇಳುತ್ತಿದ್ದ ಅವನು. "ನಾವೂ ಹಾಗೇ ಅಂದ್ಕೊಂಡಿದ್ವಿ. ನೀನು ಕಾನೂನು ಪಾಲಿಸಿದೆ ಅಷ್ಟೇ. ಕಾನೂನು ನಂದು."

ಹಲವರು ತಲೆಯಾಡಿಸಿದರು. ಸಣ್ಣದನ್ನು ಒಪ್ಪಿಕೊಂಡವನ ಮೇಲೆ ದೊಡ್ಡದರ ಅನುಮಾನ ಬರುವುದಿಲ್ಲ. ವಿಲ್ಫ್ರೆಡ್ ಅದನ್ನು ಲೆಕ್ಕ ಹಾಕಿ ಮಾಡಿರಲಿಲ್ಲ. ಆದರೂ ಆದದ್ದು ಹಾಗೇ.

ಮೂರನೆಯ ಸಲ ಕೊಡತಿ ಬಿತ್ತು.

"ಯಾರಾದ್ರೂ ಏನಾದ್ರೂ ಹೇಳೋದಿದೆಯಾ? ಇದೇ ಕೊನೆ."

ಒಂದು ಉಸಿರು. ಈಗ ಎದ್ದರೆ ಆಲ್ಬನ್ ಉಳಿಯುತ್ತಾನೆ. ಲೆಟ್ಟಿ ಒಬ್ಬರ ಹತ್ತಿರ ಹೋಗಿದ್ದಳು; ಯಾರ ಹತ್ತಿರವಾದರೂ ಹೋಗಿದ್ದರೆ ಬೇರೆ ಮಾತು ಎಂದು ಅವನೇ ಅಂದಿದ್ದಾನೆ. ಎರಡು. ಆದರೆ ಮಕ್ಕಳ ಗತಿಯೇನು? ದೊಡ್ಡವರಲ್ಲಿ ಒಬ್ಬ, ಅವರ ಕಾನೂನನ್ನು ಅವರಿಗಿಂತ ಹೆಚ್ಚು ನಂಬಿದವನು, ಬಾಗಿಲಿಗೆ ಬಂದ ಮಗುವನ್ನು ತುಟಿಯ ಮೇಲೆ ಬೆರಳಿಟ್ಟು ಕಳಿಸಿದ ಎಂದು ತಿಳಿದರೆ ಇವರು ಇನ್ನು ಯಾರನ್ನು ನಂಬುತ್ತಾರೆ? ಮೂರು. ಶಾಲೆ ಮುಚ್ಚುತ್ತದೆ. ಈಗಾಗಲೇ ನಾಲ್ಕು ಮನೆಯವರು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ ಎಂದು ಬರೆದಿದ್ದಾರೆ. ನಾಲ್ಕು. ಐದು. ಕೈ ಹೊಟ್ಟೆಯ ಮೇಲಿತ್ತೋ ಇಲ್ಲವೋ ಗೊತ್ತಿಲ್ಲದೆ ಹೇಗೆ ಹೇಳುವುದು? ಲಂಗದ ಮೇಲಿದ್ದಿರಬಹುದು. ಆರು. ಕಾರಣಗಳು ಒಂದರ ಹಿಂದೊಂದು, ಬಾಗಿಲು ಕಾಯುವವರ ಹಾಗೆ, ಬಂದು ನಿಂತವು. ಏಳು. ಅವುಗಳಲ್ಲಿ ಯಾವುದೂ ನಿಜವಾದ ಕಾರಣವಲ್ಲ ಎಂದು ಅವನಿಗೆ ಗೊತ್ತಿತ್ತು. ನಿಜವಾದದ್ದು ಹೆದರಿಕೆ. ಎಂಟು.

ಆಲ್ಬನ್ ಅವನ ಕಡೆ ನೋಡುತ್ತಿದ್ದ. ಏನನ್ನೂ ಹುಡುಕುತ್ತಿರಲಿಲ್ಲ, ಗುರುತಿನ ಮುಖವೊಂದರ ಮೇಲೆ ಕಣ್ಣಿಟ್ಟಿದ್ದ, ಅಷ್ಟೇ.

ಒಂಬತ್ತು.

ಹತ್ತು.

"ಮತಕ್ಕೆ ಹಾಕ್ತೀನಿ," ಅಂದಳು ರೋವೆನಾ.

ಶಿಕ್ಷೆಯ ಪರವಾಗಿ ಹದಿನೆಂಟು ಕೈಗಳು ಎದ್ದವು. ಆಲ್ಬನ್‌ನದೂ ಎದ್ದಿತ್ತು. ವಿರುದ್ಧವಾಗಿ ಹಾರಿಯೆಟ್ ಎತ್ತಿದಳು, ವಿಲ್ಫ್ರೆಡ್ ಎತ್ತಿದ, ಇನ್ನೂ ಒಂಬತ್ತು ಜನ ಎತ್ತಿದರು. ಕೆಲವರು ಯಾವುದಕ್ಕೂ ಎತ್ತಲಿಲ್ಲ. ಟಿಬ್ ಎರಡೂ ಸಲ ಎತ್ತಿದ, ಅವನದನ್ನು ಎಣಿಸಲಿಲ್ಲ. ಹೊಟ್ಟೆನೋವು, ಜ್ವರ, ವಾಂತಿ, ಯಾವುದೇ ನೋವು ಎಂದು ಪಟ್ಟಿಗೆ ಸೇರಿಸಿ ಸಭೆ ಮುಗಿಸಿದರು. ಮಿಸೆಸ್ ಗಾಟ್ಸ್ ಅಂಗಳದಲ್ಲಿ ಏಪ್ರನ್ನನ್ನು ಬಿಚ್ಚಿ ಹಾರಿಯೆಟ್‌ಳ ಕೈಗಿಟ್ಟು ಊರ ಕಡೆ ನಡೆದಳು. ಮರಳಿ ಬರಲಿಲ್ಲ.

ಆಲ್ಬನ್ ತನ್ನ ಐದು ವಾರವನ್ನು ಕಾಲು ನಿಮಿಷವೂ ಕದಿಯದೆ ನಡೆಸಿದ. ಎಲ್ಲರಿಗಿಂತ ಕೊನೆಗೆ ಊಟಕ್ಕೆ ಬರುತ್ತಿದ್ದ. ಉಪ್ಪು ಬೇಕಾದರೆ ಕೇಳದೆ ಎದ್ದು ಹೋಗಿ ತರುತ್ತಿದ್ದ. ಚಿಕ್ಕವರು ಮೊದಲ ವಾರ ಅವನನ್ನು ನಗಿಸಲು ನೋಡಿದರು. ಆಮೇಲೆ ಹೆದರಿ ಬಿಟ್ಟರು. ಮಾರ್ಚಿನ ಹೊತ್ತಿಗೆ ಅವನು ಕಾಲುವೆಯ ಏರಿಯ ಮೇಲೆ ಒಬ್ಬನೇ ನಡೆಯುವುದು ಯಾರ ಕಣ್ಣಿಗೂ ಬೀಳದಷ್ಟು ಮಾಮೂಲಾಯಿತು.

ನಾಲ್ಕನೆಯ ವಾರದ ಒಂದು ಸಂಜೆ ವಿಲ್ಫ್ರೆಡ್‌ನ ಬಾಗಿಲು ತೆರೆಯಿತು. ಆಲ್ಬನ್ ಹೊಸ್ತಿಲಲ್ಲಿ ನಿಂತಿದ್ದ, ಕೈಯಲ್ಲಿ ರೇಖಾಗಣಿತದ ಹಾಳೆ. ಅದೇ ಜಾಗ, ಹೆಚ್ಚುಕಡಿಮೆ ಅದೇ ಬೆಳಕು. ತೆಳ್ಳಗಾಗಿದ್ದ.

"ಒಳಗೆ ಬಾ," ಅಂದ ವಿಲ್ಫ್ರೆಡ್.

ಆಲ್ಬನ್ ತಲೆಯಲ್ಲಾಡಿಸಿದ. ತುಟಿಯ ಮೇಲೆ ಬೆರಳಿಟ್ಟ.

ಹುಡುಗನಿಗೆ ಏನೂ ಗೊತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವುದೇ ಅದು.

"ಕಾನೂನು ಮುರೀತಿರೋದು ನಾನು, ನೀನಲ್ಲ. ನೀನು ಮಾತಾಡಬೇಡ, ಕೇಳು ಸಾಕು. ಅದು ನಿನ್ನಿಂದ ಆಗಿದ್ದಲ್ಲ, ಆಲ್ಬನ್."

ಆಲ್ಬನ್ ಕಾದ. ಪಾಠದಲ್ಲಿ ಮುಂದಿನ ಹೆಜ್ಜೆಗೆ ಕಾಯುವಾಗ ಅವನ ಹುಬ್ಬು ಹೀಗೇ ಸ್ವಲ್ಪ ಮೇಲೆ ಹೋಗುತ್ತಿತ್ತು. ಸಾಧಿಸಿ ತೋರಿಸದ ಹೊರತು ಯಾವುದನ್ನೂ ಒಪ್ಪಬೇಡ ಎಂದು ಅವನಿಗೆ ಕಲಿಸಿದವನು ವಿಲ್ಫ್ರೆಡ್. ಸಾಧಿಸಲು ಬೇಕಾದದ್ದು ವಿಲ್ಫ್ರೆಡ್‌ನ ಬಳಿ ಇತ್ತು, ಒಂದೇ ಸಾಲು.

ಗಾಳಿಗೆ ಕಿಟಕಿ ಅಲುಗಿತು.

"ಹಾಳೆ ಮೇಜಿನ ಮೇಲಿಡು," ಅಂದ ವಿಲ್ಫ್ರೆಡ್.

ಹುಡುಗ ಎರಡು ಹೆಜ್ಜೆ ಒಳಗೆ ಬಂದು ಹಾಳೆಯನ್ನಿಟ್ಟ. ಮೂಲೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದ. ಹೋಗುವಾಗ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡ.

ಹಾಳೆಯಲ್ಲಿ ಒಂದು ತಪ್ಪೂ ಇರಲಿಲ್ಲ.

ಅವಧಿಯ ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮೌನ ಮುಗಿಯಿತು. ರೋವೆನಾ ಅಂಗಳಕ್ಕೆ ಓಡಿಬಂದು, "ಮುಗೀತು ಕಣೋ! ಏನಾದ್ರೂ ಬೊಗಳು!" ಅಂದಳು. ಆಲ್ಬನ್ ಅವಳನ್ನು ನೋಡಿದ, ಪ್ರಯತ್ನಪಟ್ಟಂತೆ ಗಂಟಲು ಅಲುಗಿತು, ಏನೂ ಬರಲಿಲ್ಲ. ಒಂದು ಗಂಟೆಗೆ ಅವನ ತಾಯಿ ಅವನನ್ನು ಈ ಶಾಲೆ ಬಿಡಿಸಿ ಕರೆದೊಯ್ಯಲು ಕಾರಿನಲ್ಲಿ ಬಂದಳು. ಹಾರಿಯೆಟ್ ಅವನನ್ನು ತಬ್ಬಿಕೊಂಡಳು. ವಿಲ್ಫ್ರೆಡ್ ಪೆಟ್ಟಿಗೆಯನ್ನು ಎತ್ತಿ ಹಿಂದಿನ ಸೀಟಿಗಿಟ್ಟ, ಕೈ ಕುಲುಕಿದ, ರೇಖಾಗಣಿತ ಬಿಡಬೇಡ ಎಂದ. ಹೊಸ ಶಾಲೆಯಲ್ಲಿ ಹುಡುಗರು ಹೇಗಿದ್ದಾರೋ ಬರೆದು ತಿಳಿಸು ಎಂದ. ದಾರಿಯಲ್ಲಿ ಚಳಿಯಿರುತ್ತದೆ, ಕಂಬಳಿ ಹೊದ್ದುಕೋ ಎಂದ.

ಬುಧವಾರ ನಾಲ್ಕು ಗಂಟೆಗೆ ಲೆಟ್ಟಿ ತನ್ನ ಬಾಗಿಲಿಗೆ ಬಂದಿದ್ದಳು ಎಂದು ಅವನು ಹೇಳಲಿಲ್ಲ. ಆಗಲೂ ಇಲ್ಲ, ಆಮೇಲೆ ಯಾವತ್ತೂ ಇಲ್ಲ.